ಅಳಿಸಿದ ಅರವತ್ತೈದು

ಸಪ್ತಾಪುರ, ಧಾರವಾಡ

ಚಿ. ಸೌ. ಗೀತಾಗ ನಿನ್ನ ದೊಡ್ಡವ್ವನ ಆಶೀರ್ವಾದ.

ಮನೀ ಸುದ್ದಿ ಎಲ್ಲಾ ನಿಮ್ಮವ್ವನ ಫೋನಿನ್ಯಾಗ ಬಂದೈತಿ, ಅದನ್ನ ಬಿಡು. ನಿನ್ನ ಪತ್ರದ ನಡುವ ನಿನ್ನ ಮಗಳ ಬಗ್ಗೆ ಒಂದು ಸಾಲು ಐತೆಲ್ಲ, "ಸುಮಿ ಗೊತ್ತಿದ್ರೂ ತಪ್ಪು ಬರೀತಾಳೇನೋ ಅಂತ ಸಂಶೆ" ಅಂತ, ಅದನ್ನ ಓದಿದ ಮ್ಯಾಲೆ ಉಳಿದದ್ದು ತಲಿಗೆ ಹೋಗವಲ್ದು. ನೀ ಹಗೂರಕ ಬರದು ಮುಂದ ಹೋಗೀದಿ. ನನಗ ಮುಂದ ಹೋಗಾಕ ಆಗಲಿಲ್ಲ.

ನೀ ಕಳಿಸಿದ ಆಕಿ ಲೆಕ್ಕದ ವಹಿ ಫೋಟೋ ದೊಡ್ಡದು ಮಾಡಿ ನೋಡಿದೆ. 407ನ್ನ 6ರಿಂದ ಗುಣಿಸಿ 2442 ಅಂತ ಸರಿ ಬರದಾಳ. ನಡುವ ಸೊನ್ನಿ ಇರೂ ಲೆಕ್ಕ ಅದು, ಮೂರನೇ ಇಯತ್ತೇದಾಗ ಭಾಳ ಮಕ್ಕಳು ಅಲ್ಲೇ ಎಡವತಾರ. ಅದರ ಕೆಳಗ 38ಕ್ಕ 27 ಕೂಡಿಸಿ 64 ಅಂತ ಬರದಾಳ. ಆ 4ರ ಕೆಳಗ ರಬ್ಬರ್ ತಿಕ್ಕಿದ ಕಲಿ ಐತಿ, ಕಲಿ ಒಳಗ 5ರ ಹೊಟ್ಟಿ ಇನ್ನೂ ಕಾಣತೈತಿ. 65 ಬರದು, ಅಳಿಸಿ, 64 ಮಾಡ್ಯಾಳ.

ಲೆಕ್ಕ ಬರಲಾರದ ಮಗು ಮಾಡೂ ತಪ್ಪಿಗೆ ಒಂದು ಜಾಡು ಇರತೈತಿ. ದಶಕ ಮರತು 55 ಬರೀತದ. 503ರಾಗ 278 ಕಳಿ ಅಂದ್ರ, ಎಲ್ಲಾ ಸ್ಥಾನದಾಗೂ ದೊಡ್ಡ ಅಂಕಿಯೊಳಗ ಸಣ್ಣದನ್ನ ಕಳದು 375 ಅಂತದ, ಪುಟದ ತುಂಬ ಅದೇ ಜಾತಿ ತಪ್ಪು ಮಾಡತದ. ಬೇಕಂತ ಮಾಡಿದ ತಪ್ಪಿಗೆ ಜಾಡು ಇರಂಗಿಲ್ಲ. ಕಠಿಣದ್ದು ಸರಿ, ಸರಳದ್ದು ತಪ್ಪು, ಅದೂ ಒಂದೇ ಅಂಕಿ ಹಿಂದ ಮುಂದ. ಆದ್ರೂ ಒಂದು ಪುಟದ ಮ್ಯಾಲೆ ತೀರ್ಮಾನ ಬ್ಯಾಡ. ಎರಡು ತಿಂಗಳಿನ ವಹಿ ತಗದು, ತಪ್ಪಾದ ಲೆಕ್ಕ ಅಷ್ಟನ್ನೇ ತಾರೀಖು ಸಮೇತ ಒಂದು ಹಾಳಿಗೆ ಇಳಿಸು. ಯಾವ ವಾರ ಸುರು ಆತು ಅಂತ ತಿಳೀತೈತಿ, ಆ ವಾರ ಸಾಲ್ಯಾಗ ಏನಾಗಿತ್ತು ಅಂತ ನೆನಪು ಮಾಡ್ಕೋ. ಅವೇ ಲೆಕ್ಕ ಬಾಯಿಲೆ ಕೇಳಿ ನೋಡು. ಬಾಯಿಲೆ ಸರಿ, ಬರದಾಗಷ್ಟೇ ತಪ್ಪು ಅಂದ್ರ ಕೈ ಸಾವಕಾಶ ಇರಬಹುದು. ಕಣ್ಣೂ ಒಮ್ಮೆ ತೋರಸು. ಬೋರ್ಡ್ ಸರಿ ಕಾಣದಿದ್ರ ಲೆಕ್ಕಾನೇ ತಪ್ಪು ಇಳಿಸಿಕೊಳ್ತಾರ. ಆದರ ಆ ರಬ್ಬರಿನ ಕಲಿಗೆ ಕಣ್ಣಿನ ಡಾಕ್ಟರ್ ಉತ್ತರ ಕೊಡಾಂಗಿಲ್ಲ ಬಿಡು.

ಲಗೂ ಮುಗಿಸಿದ ಕೂಸಿಗೆ ಸಾಲ್ಯಾಗ ಏನು ಸಿಗತೈತಿ? ಇಪ್ಪತ್ತು ಲೆಕ್ಕ ಮುಗಿಸಿದ್ರ ಅಂಥವೇ ಮತ್ತ ಇಪ್ಪತ್ತು. ಕೈ ಎತ್ತಿದ್ರ "ನೀ ಕೂಡು, ಉಳದವರು ಹೇಳಲಿ". ಬಿಡುವಿನ್ಯಾಗ ಗೆಳತ್ಯಾರ ಬಾಯಾಗ "ಬಂದಳ ನೋಡ್ರಿ ಶಾಣ್ಯಾಕಿ". ಎಂಟು ವರ್ಷದ ಕೂಸು ಈ ಲೆಕ್ಕಾನೂ ಮಾಡತದ, ಗೀತಾ. ಸಾಲ್ಯಾಗ ಕಲಿಸೂಮುಂದ ನಾನೂ ಮಕ್ಕಳಿಗೆ ಇದನ್ನೇ ಮಾಡೀನಿ. ಮೊದಲ ಮುಗಿಸಿದವರ ಕೈಯಾಗ ಉಳದವರ ವಹಿ ಕೊಟ್ಟು ತಿದ್ದಸತಿದ್ದೆ, ಅದನ್ನ ದೊಡ್ಡ ಮರ್ಯಾದಿ ಅಂತ ತಿಳದಿದ್ದೆ. ವರ್ಷದ ಕೊನಿಗೆ ಸುಮ್ಮನಾದ ಹುಡುಗ್ಯಾರನ್ನ ನೋಡಿ "ಈಗ ಶಿಸ್ತು ಬಂತು" ಅಂದೀನಿ. ಎಷ್ಟು ಮಂದಿ ಹಂಗ ಅಡಗಿದ್ರೋ, ಈಗ ಯಾರನ್ನ ಕೇಳಲಿ.

ಸುಮಿ ಹಂತ್ಯಾಕ "ಬೇಕಂತ ತಪ್ಪು ಮಾಡೀಯೇನು" ಅಂತ ಮಾತ್ರ ಕೇಳಬ್ಯಾಡ. ಕೇಳಿದ್ರ ಇನ್ನೂ ಚೊಲೋತ್ನ್ಯಾಗ ಅಡಗತಾಳ.

ಟೀಚರನ್ನ ಕಾಣು, ಆದರ "ನಮ್ಮ ಹುಡುಗಿ ಭಾಳ ಶಾಣ್ಯಾ" ಅಂತ ಸುರು ಮಾಡಿದ್ರ ಮಾತು ಅಲ್ಲಿಗೇ ಮುಗೀತು. ಅವರ ಮುಂದ ನಲವತ್ತು ಮಕ್ಕಳು. ಒಂದೇ ಕೇಳು: ಅಭ್ಯಾಸದ ಇಪ್ಪತ್ತು ಲೆಕ್ಕದಾಗ ಭಾಳ ಕಠಿಣ ಐದಕ್ಕ ಗುರುತು ಹಾಕ್ರಿ, ಬೇಕಾದವರು ಅವನ್ನ ಮೊದಲ ಮಾಡಲಿ, ನಾಕು ಸರಿ ಬಂದ್ರ ಉಳಿದ ಹದಿನೈದು ಮಾಫಿ. ಇದನ್ನ ಇಡೀ ಕ್ಲಾಸಿಗೆ ಹೇಳಬೇಕು. ಸುಮಿ ಒಬ್ಬಾಕಿಗೆ ಅಂದ್ರ ಮತ್ತ ಆ "ಶಾಣ್ಯಾಕಿ" ಸುರು. ಮತ್ತ ಉಳದ ಹೊತ್ತಿಗೆ ಏನು ಅನ್ನೂದು ಮೊದಲೇ ತಯಾರಿರಬೇಕು, ಇಲ್ಲಂದ್ರ ಕಿಡಕಿ ನೋಡಕೋತ ಕೂಡತಾಳ, ಅದನ್ನ ನೋಡಿ ಟೀಚರ್ ಮಾಫಿ ವಾಪಸ್ ತಗೋತಾರ. ಒಂದು ಹಾಳಿಮ್ಯಾಲೆ ಬರದು ಕೊಟ್ಟು ಕಳಸು: 9 ಅಂದ್ರ 4+5, 2+3+4ನೂ 9. 15 ಮೂರು ನಮೂನಿ ಬರತದ. ಹಿಂಗ ಒಂದರ ಹಿಂದ ಒಂದು ಬರೂ ಸಂಖ್ಯೆ ಕೂಡಿಸಿ 1ರಿಂದ 30ರ ತನಕ ಯಾವ್ಯಾವ ಆಗತಾವ, ಯಾವ ಏನ್ಮಾಡಿದ್ರೂ ಆಗೂದಿಲ್ಲ? ಆಗದ ಐದು ಅದಾವ. ನಿನಗಷ್ಟೇ ಹೇಳತೀನಿ: 1, 2, 4, 8, 16. ಆಕಿ ಹುಡುಕಲಿ, ಎರಡು ವಾರ ಹಿಡೀಲಿ. "ಯಾಕ ಇವೇ" ಅಂತ ಕೇಳೂತನಕ ಬಾಯಿ ಬಿಡಬ್ಯಾಡ.

ಕಲಿಸೂ ಮಂದಿಗೆ ಕಲಿಸಾಕ ನಾ ಯಾರು ಅಂತನೂ ಅನಸತೈತಿ. ಅವರು ಒಲ್ಲೆ ಅಂದ್ರ ಜಗ್ಗಾಡಬ್ಯಾಡ, ಮನ್ಯಾಗ ಮಾಡು.

ಅಳಿಯಂದ್ರು ಡಬಲ್ ಪ್ರಮೋಷನ್ ಅಂತಾರಂತ. ಸಂಪೂರ್ಣ ತಪ್ಪಲ್ಲ, ಸುಮಿಯಂಥಾ ಮಕ್ಕಳಿಗೆ ಅದು ಒಗ್ಗೂದೂ ಐತಿ. ಆದರ ಈಗ ಅಡಗಾಕತ್ತಾಳ. ದೊಡ್ಡ ಹುಡುಗರ ನಡುವ ಇನ್ನೂ ಅಡಗತಾಳೋ, ಅಲ್ಲಿ ತನ್ನಂಥವರು ಸಿಕ್ಕು ಹೊರಗ ಬರತಾಳೋ, ಇಲ್ಲಿಂದ ನಾ ಹೆಂಗ ಹೇಳಲಿ. ಮೊದಲ ಲೆಕ್ಕದ ತಾಸಿಗಷ್ಟೇ ನಾಕನೇ ಇಯತ್ತೇದಾಗ ಕೂಡಸಾಕ ಬರತದೇನು ಕೇಳು. ಎರಡೂ ಕ್ಲಾಸಿನ ಲೆಕ್ಕದ ತಾಸು ಒಂದೇ ಹೊತ್ತಿಗೆ ಇದ್ರ ಮಾತ್ರ ಇದು ಆಗೂದು. ಇಲ್ಲಂದ್ರ ಆಕಿಗೆ ಕನ್ನಡ ತಪ್ಪತೈತಿ. ಬರವಣಿಗಿ ವೇಗಾನೂ ನೋಡು, ಮ್ಯಾಲಿನ ಕ್ಲಾಸಿನ್ಯಾಗ ತಲಿಗಿಂತ ಮೊದಲ ಕೈ ದಣೀತೈತಿ.

ಇಲ್ಲಿ ಡಿಮ್ಹಾನ್ಸ್‌ಗೆ, ಅಂದ್ರ ಮಾನಸಿಕ ಆರೋಗ್ಯದ ಆಸ್ಪತ್ರಿಗೆ, ಕರಕೊಂಡು ಬರಲೇನು ಅಂತ ಕೇಳೀದಿ. ಬಾ, ನಾನೂ ಬರತೀನಿ. ಆದರ ಬರೇ ಐಕ್ಯೂ ಅಂಕಿ ತಗೊಂಡು ಹೋಗಬ್ಯಾಡ. ನಡುವಿನದು 100, 130 ದಾಟಿದವರು ನೂರಕ್ಕ ಇಬ್ಬರ ಆಸುಪಾಸು. ಬಿನೆ-ಕಾಮತ್ ಅನ್ನೂ ಐಕ್ಯೂ ಪರೀಕ್ಷೆ ಮಾಡಿದ್ರ, ಕಾಮತರು ಅದನ್ನ ನಮ್ಮ ಕಡೀ ಮಕ್ಕಳಿಗೆ ಒಗ್ಗಿಸಿದ್ದು 1940ಕ್ಕೂ ಮೊದಲ. ಹಳೇ ಅಳತಿ, ಅಂಕಿ ಸ್ವಲ್ಪ ಉಬ್ಬಿ ಬರತೈತಿ. ಯಾವ ಭಾಗದಾಗ ಮ್ಯಾಲೆ, ಯಾವುದ್ರಾಗ ಕೆಳಗ ಅನ್ನೂದನ್ನ ಬಿಡಿಸಿ ಹೇಳ್ರಿ ಅಂತ ಕೇಳು. ಮತ್ತ ಒಂದು ಮಾತು, ಅಲ್ಲೂ ಬೇಕಂತ ತಪ್ಪು ಹೇಳಿದ್ರ? ಅದಕ್ಕ ಆ ರಬ್ಬರಿನ ಪುಟ ಸಂಗಾಟ ತಾ, ಅವರಿಗೆ ಮೊದಲ ತೋರಸು.

ನವೋದಯ ಸಾಲಿ ಪ್ರವೇಶ ಪರೀಕ್ಷೆ ಮಾತು ಈಗ ಬ್ಯಾಡ. ಅದು ಐದನೇ ಇಯತ್ತೇದಾಗ ಬರೀಬೇಕಾದ್ದು, ಎರಡು ತಾಸಿನ್ಯಾಗ 80 ಪ್ರಶ್ನಿ, ಒಂದೇ ಸಲ ಅವಕಾಶ. ಈಗಿಂದ ಕೋಚಿಂಗಿಗೆ ಹಾಕಿದ್ರ ಮತ್ತ ಅಂಥವೇ ಇಪ್ಪತ್ತು ಲೆಕ್ಕ.

ನನಗ ಮಾರ್ಕ್ಸಿನ ಚಿಂತಿ ಇಲ್ಲವ್ವ. ಈಗ ಯಾವುದಕ್ಕೂ ತಿಣುಕೂ ಪ್ರಸಂಗನೇ ಬರವಲ್ದು ಆಕಿಗೆ. ಮುಂದ ದೊಡ್ಡ ಕ್ಲಾಸಿನ್ಯಾಗ ಬೀಜಗಣಿತ ಬಂದು ಮೊದಲನೇ ಸಲ ತಿಣುಕಬೇಕಾದಾಗ, ಇದು ಬೇಕಂತ ಮಾಡಿದ ತಪ್ಪೋ ಬರಲಾರದಕ್ಕ ಆದ ತಪ್ಪೋ ಅಂತ ಆಕಿಗೇ ತಿಳೀದಂಗ ಆಗಬಾರದು. ಅದಕ್ಕ ಮನ್ಯಾಗ ಒಂದು ಕಚ್ಚಾ ವಹಿ ಮಾಡು. ಪೆನ್ನಿಲೇ ಬರೀಬೇಕು, ತಪ್ಪಾದ್ರ ಒಂದು ಅಡ್ಡಗೆರಿ, ರಬ್ಬರ್ ಇಲ್ಲ. ನೀನೂ ಅದರಾಗ ಬರಿ, ನಿನಗ ಬರದ ಲೆಕ್ಕ ಹಾಕ್ಕೊಂಡು ಆಕಿ ಎದುರಿಗೇ ತಪ್ಪು ಮಾಡು. ಸರಿ ಬಂದಾಗ ಶಾಣ್ಯಾಕಿ ಅನಬ್ಯಾಡ, "ಇದನ್ನ ಹೆಂಗ ಹಿಡದಿ" ಅಂತ ಕೇಳು.

ದೀಪಾವಳಿ ಸೂಟಿಗೆ ರಾಣೆಬೆನ್ನೂರಾಗ ರೈಲು ಹತ್ತಿಸು, ಇಲ್ಲಿ ಯೂನಿವರ್ಸಿಟಿ ಆವರಣದಾಗ ವಿಜ್ಞಾನ ಕೇಂದ್ರ ಐತಿ, ನಾ ತೋರಸ್ತೀನಿ. ಅಷ್ಟರಾಗ ಇನ್ನ ನಾಕು ಪುಟದ ಫೋಟೋ ಕಳಸು. ತಗಿಯೂಮುಂದ ವಹಿ ಬೆಳಕಿಗೆ ಓರೆ ಹಿಡಿ. ಅಳಿಸಿದ್ರೂ ಪೆನ್ಸಿಲ್ ಒತ್ತಿದ ಗೆರಿ ಹಂಗ ಕಾಣತಾವ.

ನಿನ್ನ
ದೊಡ್ಡವ್ವ