ಗುಂಡನಿಗೊಂದು ಪತ್ರ: ಪುಟ್ಟಿ ಕಕ್ಕೋ ಹಾಲಿನ ವಿಚಾರ

ಲೋ ಗುಂಡ,

ನಿನ್ನ ಮಗಳು ಪುಟ್ಟಿ ಕಕ್ಕಿದ್ದರ ಎಕ್ಸೆಲ್ ಶೀಟ್ ಬಂತು. ಕಕ್ಕಿದ ಹೊತ್ತು, ಬಣ್ಣ, 'ಅಂದಾಜು ಎಂ.ಎಲ್.' ಅಂತ ಮೂರು ಕಾಲಂ! ಹಾಸ್ಟೆಲ್ ಮೆಸ್ಸಿನ ಲೆಕ್ಕ ಬರೆದ ಕೈ ಸುಮ್ಮನಿರುತ್ತಾ? ಉಪ್ಪಿಟ್ಟಿನ ಪ್ರಕರಣ ಇಲ್ಲಿ ಎತ್ತಲ್ಲ ಬಿಡು, ನಾಲ್ಕು ಜನ ಓದ್ತಾರೆ.

ಮೊದಲು ಆ ಮೂರನೇ ಕಾಲಂ ಅಳಿಸು. ಎರಡು ಟೀ ಚಮಚ ಹಾಲು, ಅಂದರೆ 10 ಎಂ.ಎಲ್., ಒಣ ಪಂಚೆಯ ಮೇಲೆ ಸುರಿದು ನೋಡು, ಎಷ್ಟಗಲ ಹರಡುತ್ತೆ ಅಂತ. 'ಕುಡಿದದ್ದೆಲ್ಲಾ ಆಚೆಗೆ ಬಂತು' ಅಂತ ನಿಮ್ಮತ್ತೆ ಗಾಬರಿಯಾಗೋದು ಆ ಕಲೆ ನೋಡಿ. ಅನ್ನನಾಳ ಹೊಟ್ಟೆಗೆ ಸೇರೋ ಜಾಗದ ಸ್ನಾಯು ಎಳೆಮಕ್ಕಳಲ್ಲಿ ಆಗಾಗ ಸಡಿಲ ಬಿಡುತ್ತೆ. ಜೊತೆಗೆ ಊಟ ಪೂರ್ತಿ ನೀರು, ದಿನ ಪೂರ್ತಿ ಮಲಗೇ ಇರೋದು. ಹಾಲು ಮೇಲೆ ಬರದೆ ಇನ್ನೇನು ಮಾಡೀತು? ನಾಲ್ಕನೇ ತಿಂಗಳ ಸುಮಾರಿಗೆ ಇದರ ಜೋರು ಹೆಚ್ಚು, ವರ್ಷ ತುಂಬೋ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ತಾನಾಗೇ ನಿಂತಿರುತ್ತೆ. ಹಾಲು ಒಡೆದು ಮೊಸರು ಮೊಸರಾಗಿ ಬಂದರೆ ಅದು ಅಜೀರ್ಣ ಅಲ್ಲ, ಹೊಟ್ಟೆಯ ಆಮ್ಲ ತಾಗಿದೆ ಅಷ್ಟೆ. ನೀನು ನೋಡಬೇಕಾದದ್ದು ತಾಯಿ ಕಾರ್ಡಿನಲ್ಲಿರೋ ತೂಕದ ಗೆರೆ. ಅದು ಏರ್ತಾ ಇದ್ದು, ಮಗು ಕಕ್ಕಿದ ಮೇಲೂ ನಗ್ತಾ ಇದ್ದರೆ ಔಷಧಿ ಬೇಕಿಲ್ಲ. ಆಮ್ಲ ತಗ್ಗಿಸೋ ಡ್ರಾಪ್ಸ್ ಹಾಲು ಮೇಲೆ ಬರೋದನ್ನ ತಡೆಯಲ್ಲ, ಬಂದ ಹಾಲಿನ ಹುಳಿ ಕಮ್ಮಿ ಮಾಡುತ್ತೆ ಅಷ್ಟೆ.

ಬಣ್ಣದ ಕಾಲಂ ಮಾತ್ರ ಇರಲಿ. ಹಸಿರು ವಾಂತಿ, ರಕ್ತ, ಕಾಫಿ ಪುಡಿ ಥರದ ಕಂದು, ಇವು ಕಂಡರೆ ನಾಳೆ ನೋಡೋಣ ಅನ್ನಬೇಡ, ಆಗಲೇ ಆಸ್ಪತ್ರೆಗೆ ಹೊರಡು. ಉಸಿರುಕಟ್ಟಿ ತುಟಿ ನೀಲಿಯಾದರೂ ಅಷ್ಟೆ. ತೂಕ ನಿಂತರೆ, ಹಾಲು ಕಂಡರೇ ಬೆನ್ನು ಹಿಂದಕ್ಕೆ ಬಾಗಿಸಿ ಅತ್ತರೆ, ಮಲದಲ್ಲಿ ರಕ್ತ ಅಥವಾ ಸಿಂಬಳದಂಥ ಲೋಳೆ ಬಂದರೆ ಡಾಕ್ಟರಿಗೆ ಹೇಳು. ಹಸುವಿನ ಹಾಲಿನ ಅಲರ್ಜಿಯೂ ಇದೇ ವೇಷದಲ್ಲಿ ಬರುತ್ತೆ. ಆಗ ಎದೆಹಾಲು ಕುಡಿಸೋ ಸುಮ ಎರಡರಿಂದ ನಾಲ್ಕು ವಾರ ಹಾಲು, ಮೊಸರು, ಮಜ್ಜಿಗೆ, ಪನೀರ್ ಎಲ್ಲ ಬಿಟ್ಟು ನೋಡಬೇಕಾಗಬಹುದು. ಆದರೆ ಅದನ್ನ ನೀವೇ ಶುರು ಮಾಡಬೇಡಿ. ಬಾಣಂತಿಯ ತಟ್ಟೆಯಿಂದ ತೆಗೆಯೋಕೆ ಎಲ್ಲರೂ ಮುಂದೆ, ಹಾಕೋಕೆ ಯಾರೂ ಇಲ್ಲ.

ಎಣ್ಣೆಸ್ನಾನ, ಡೈಪರ್, ಹೊಟ್ಟೆ ನೀವೋದು ಎಲ್ಲ ಹಾಲಿಗೆ ಮುಂಚೆಯೇ ಮುಗಿಯಲಿ. ಹಾಲು ಕುಡಿದ ಮಗುವನ್ನ ಕಾಲ ಮೇಲೆ ಬೋರಲು ಹಾಕಿ ನೀರು ಹುಯ್ದರೆ ಕಕ್ಕದೆ ಇರುತ್ತಾ? ಮಲಗಿಸೋದು ಅಂಗಾತ, ಸಮತಟ್ಟಾದ ಹಾಸಿಗೆ ಮೇಲೆ. ತಲೆ ಕೆಳಗೆ ದಿಂಬು ಬೇಡ. ಜೋಲಿಯಲ್ಲಿ ಮೈ ಮಡಚಿ ಹೊಟ್ಟೆ ಒತ್ತುತ್ತೆ, ಗದ್ದ ಎದೆಗೆ ತಾಗುತ್ತೆ, ಅದೂ ಬೇಡ.

ಇನ್ನು ರಾಗಿ ಸರಿಯ ವಿಚಾರ, ಅಂದರೆ ರಾಗಿ ಹಿಟ್ಟು ಕಾಯಿಸಿ ಮಗುವಿಗೆ ತಿನ್ನಿಸೋದು. ಆರು ತಿಂಗಳು ತುಂಬಲಿ, ಕತ್ತು ನಿಲ್ಲಲಿ, ಆಸರೆ ಕೊಟ್ಟರೆ ಕೂರಲಿ, ಬಾಯಿಗಿಟ್ಟದ್ದನ್ನ ನಾಲಿಗೆ ಆಚೆಗೆ ತಳ್ಳೋದು ನಿಲ್ಲಲಿ. 'ಗಟ್ಟಿ ಕೊಟ್ಟರೆ ಕಕ್ಕೋದು ನಿಲ್ಲುತ್ತೆ' ಅಂತ ಎದೆಹಾಲು ಹಿಂಡಿ ಅಕ್ಕಿಹಿಟ್ಟು ಕದಡೋರಿದ್ದಾರೆ. ಎದೆಹಾಲಿನಲ್ಲೇ ಪಿಷ್ಟ ಕರಗಿಸೋ ಕಿಣ್ವ ಇದೆ, ಸ್ವಲ್ಪ ಹೊತ್ತಿಗೆ ಮತ್ತೆ ನೀರು. ಮೊಳಕೆ ರಾಗಿಯಲ್ಲೂ ಇರೋದು ಅದೇ ಜಾತಿ ಕಿಣ್ವ. ಅದಕ್ಕೇ ನಿಮ್ಮತ್ತೆ ಮಾಡಿಟ್ಟ ಹಿಟ್ಟು ಎಷ್ಟು ಕಾಯಿಸಿದರೂ ತೆಳ್ಳಗೇ ಇರೋದು. ಇದು ದೋಷ ಅಲ್ಲ ಕಣೋ, ಲಾಭ. ಮೊಳಕೆ ಕಟ್ಟದ ಹಿಟ್ಟು 100 ಎಂ.ಎಲ್. ನೀರಿಗೆ ಒಂದು ದೊಡ್ಡ ಚಮಚ ಹಾಕಿದರೇ ಮುದ್ದೆಯಾಗೋಕೆ ನೋಡುತ್ತೆ. ಮೊಳಕೆ ಹಿಟ್ಟು ಹೆಚ್ಚುಕಮ್ಮಿ ಎರಡು ಹಿಡಿಯುತ್ತೆ. ಅಷ್ಟೇ ನೀರಿನಲ್ಲಿ ಹೆಚ್ಚು ಕಾಳು, ಪುಟ್ಟ ಹೊಟ್ಟೆಗೆ ಕಮ್ಮಿ ಭಾರ. ರಿಫ್ಲಕ್ಸ್, ಅಂದರೆ ಹೀಗೆ ಹೊಟ್ಟೆಯಲ್ಲಿದ್ದದ್ದು ಮೇಲೆ ಬರೋದು, ಇರೋ ಮಗುವಿಗೆ ಬೇಕಾದದ್ದೇ ಇದು.

ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಸಣ್ಣ ಮೊಳಕೆ ಬಂದ ಮೇಲೆ ಚೆನ್ನಾಗಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ್ಮನ್ನೋ ತನಕ ಮಾತ್ರ ಹುರಿಯಲಿ. ಕಪ್ಪಾಗೋ ಹಾಗೆ ಹುರಿದರೆ ಕಿಣ್ವ ಸತ್ತುಹೋಗುತ್ತೆ. ಬೀಸಿ, ತೆಳು ಬಟ್ಟೆಯಲ್ಲಿ ಸೋಸಬೇಕು. ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕದಡಿ ಆಮೇಲೆ ಒಲೆಗಿಡು, ಐದಾರು ನಿಮಿಷ ಕೈಯಾಡಿಸ್ತಾ ಇರು. ಚಮಚ ವಾಲಿಸಿದರೆ ಸುರಿದುಹೋಗಬಾರದು, ಅಂಟಿಕೊಂಡು ನಿಲ್ಲಬೇಕು. ಬೇಳೆಕಟ್ಟು, ಗಂಜಿ ತಿಳಿ ಅಂತ ತುಂಬಿಸಿದರೆ ಹೊಟ್ಟೆ ಉಬ್ಬುತ್ತೆ, ಕಕ್ಕುತ್ತೆ, ಮೈಗೆ ಏನೂ ಹತ್ತಲ್ಲ. ಬೇಳೆಯನ್ನೇ ಮಸೆದು ಕೊಡಿ. ತುಪ್ಪ ಅರ್ಧ ಟೀ ಚಮಚ ಸಾಕು, ಜಿಡ್ಡು ಹೆಚ್ಚಾದರೆ ಹೊಟ್ಟೆ ಖಾಲಿಯಾಗೋದು ನಿಧಾನ. ವರ್ಷದ ತನಕ ಉಪ್ಪು, ಸಕ್ಕರೆ ಬೇಡ. ಜೇನು ನಾಲಿಗೆಗೆ ಸವರೋದೂ ಬೇಡ.

ಶುರುವಿಗೆ ದಿನಕ್ಕೊಂದು ಸಲ ಎರಡು ಮೂರು ಚಮಚ, ಹಾಲು ಕುಡಿದು ಒಂದು ಗಂಟೆಯಾದ ಮೇಲೆ. ಎಂಟನೇ ತಿಂಗಳ ಹೊತ್ತಿಗೆ ದಿನಕ್ಕೆ ಎರಡು ಮೂರು ಸಲ, ಪ್ರತಿ ಸಲ ಅರ್ಧ ಬಟ್ಟಲು. ಬಟ್ಟಲು ಅಂದರೆ 250 ಎಂ.ಎಲ್. ಹಿಡಿಯೋದು, ನಿನ್ನ ಹಳೇ ಬಟ್ಟಲಲ್ಲ. ಮಗು ಬೆನ್ನು ನೆಟ್ಟಗೆ ಕೂತಿರಬೇಕು, ಜಾರಿ ಕುಸಿದರೆ ಸೊಂಟದ ಎರಡೂ ಕಡೆ ಟವೆಲ್ ಸುತ್ತಿ ಇಡು. ಒಳಲೆಯಲ್ಲಿ ತುಂಬಿ, ಕಾಲ ಮೇಲೆ ಮಲಗಿಸಿ ಗಂಟಲಿಗೆ ಹುಯ್ಯೋದಂತೂ ಕೂಡದು, ಶ್ವಾಸಕ್ಕೆ ಹೋಗುತ್ತೆ. ಬಾಯಿ ಮುಚ್ಚಿ ಮುಖ ತಿರುಗಿಸಿದರೆ ಊಟ ಮುಗಿಯಿತು ಅಂತ. ಎದೆಯುರಿ ಕಂಡ ಮಗುವಿಗೆ ಬಲವಂತ ಮಾಡಿದರೆ ಚಮಚ ಕಂಡರೇ ಅಳೋ ಅಭ್ಯಾಸ ಆಗುತ್ತೆ, ಅದನ್ನ ಬಿಡಿಸೋದು ಕಕ್ಕೋದನ್ನ ನಿಲ್ಲಿಸೋದಕ್ಕಿಂತ ಕಷ್ಟ.

ಇನ್ನು, ಹಾಲಾದ ಮೇಲೆ ಇಪ್ಪತ್ತರಿಂದ ಮೂವತ್ತು ನಿಮಿಷ ನೆಟ್ಟಗೆ ಎತ್ತಿಕೊಳ್ಳಬೇಕು. ಇದನ್ನ ಬರೆದು ಒಂದು ಗಳಿಗೆ ನಿಂತೆ. ದಿನಕ್ಕೆ ಎಂಟು ಸಲ ಹಾಲು, ಪ್ರತಿ ಸಲ ಅರ್ಧ ಗಂಟೆ, ನಾಲ್ಕು ಗಂಟೆ ಆಯ್ತು. ಕುಡಿಸೋ ಹೊತ್ತು ಬೇರೆ, ನಡುರಾತ್ರಿಯ ಪಾಳಿ ಬೇರೆ. 'ಎತ್ತಿಕೊಳ್ಳಿ' ಅಂತೀವಿ, ಯಾರು ಅಂತ ಹೇಳಲ್ಲ. ಹೇಳದೆ ಬಿಟ್ಟದ್ದು ಯಾರ ಹೆಗಲಿಗೆ ಬೀಳುತ್ತೆ ಅಂತ ನಮಗೆಲ್ಲ ಗೊತ್ತು. ಮಗುವಿನ ತೂಕ ಎಷ್ಟಾಯ್ತು ಅಂತ ಕೇಳೋದು ಸುಲಭ, ಉತ್ತರ ಗ್ರಾಂನಲ್ಲಿ ಬರುತ್ತೆ. 'ನೀನು ಮಲಗಿದ್ದು ಯಾವಾಗಮ್ಮ' ಅಂತ ತಾಯಿಯನ್ನ ಕೇಳೋಕೆ ನನಗೆ ಹೆದರಿಕೆ ಕಣೋ. ಅವಳು ಅಳೋಕೆ ಶುರು ಮಾಡಿದರೆ ನನ್ನ ಹತ್ತಿರ ಚಮಚದ ಲೆಕ್ಕ ಬಿಟ್ಟು ಕೊಡೋಕೆ ಏನೂ ಇಲ್ಲ. ನಿನ್ನ ಅಷ್ಟುದ್ದ ಶೀಟಿನಲ್ಲಿ ಸುಮಾಗೆ ಒಂದು ಕಾಲಂ ಇರಲಿಲ್ಲ. ನಾನೂ ಇಷ್ಟುದ್ದ ಬರೆದೆ, ಅವಳಿಗೆ ಫೋನ್ ಮಾಡಲಿಲ್ಲ.

ಸರಿ ಸರಿ, 'ಮೇಡಂ ಭಾಷಣ ಶುರು' ಅಂತ ಗ್ರೂಪಿನಲ್ಲಿ ಹಾಕೋಕೆ ಮುಂಚೆ ಒಂದು ಕೆಲಸ ಮಾಡು. ರಾತ್ರಿಯ ಎರಡು ಪಾಳಿ ನಿಂದು. ಸುಮ ಕುಡಿಸಿ ನಿನ್ನ ಕೈಗೆ ಕೊಟ್ಟು ಮಲಗಲಿ. ಪುಟ್ಟಿಯ ಎದೆ ನಿನ್ನ ಎದೆಗೆ, ಮುಖ ಹೆಗಲಿಂದ ಮೇಲೆ, ಒಂದು ಕೈ ಕುಂಡಿಯ ಕೆಳಗೆ. ಹೊಟ್ಟೆ ಮಡಚಬಾರದು, ಕುಣಿಸಬಾರದು. ನಿಂತಿರು, ಇಲ್ಲ ಓಡಾಡು. ಸೋಫಾದಲ್ಲಿ ಒರಗಿ ಎತ್ತಿಕೊಂಡೇ ನಿದ್ದೆ ಹೋಗೋದು ಮಗುವಿನ ಉಸಿರಿಗೆ ಅಪಾಯ, ಅದೊಂದು ಮಾತ್ರ ಮಾಡಬೇಡ. ನಿನ್ನ ನಿದ್ದೆಯ ಖ್ಯಾತಿ ಬಲ್ಲೆ, ಅದಕ್ಕೇ ಹೇಳಿದ್ದು.

ಶರ್ಟಿನ ಹೆಗಲ ಮೇಲೆ ಬಿದ್ದ ಹಾಲಿಗೆ ಮೊದಲು ತಣ್ಣೀರು, ಆಮೇಲೆ ಸೋಪು. ಬಿಸಿನೀರು ಹಾಕಿದರೆ ಕಲೆ ಅಲ್ಲೇ ಕೂತುಬಿಡುತ್ತೆ. ಆ ಹಳದಿ ಶರ್ಟಿಗೆ ಮಾತ್ರ ಯಾವ ನೀರಾದರೂ ಹಾಕು, ಅದಕ್ಕೆ ಆಗಬೇಕಾದದ್ದೆಲ್ಲ ಫೈನಲ್ ಇಯರ್‌ನಲ್ಲೇ ಆಗಿದೆ.

ಇಂತಿ,
ಲಾಸ್ಟ್ ಬೆಂಚಿನ ಮೇಡಂ