ಅನ್ನ ಕಂಡರೆ ಹೆದರಿಕೆ ಎಂದು ಬರೆದವಳಿಗೆ

ಬದಿಯಡ್ಕ

ಚಿರಂಜೀವಿ ಮಗಳಿಗೆ ಸೋದರತ್ತೆಯ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಉಳಿದ ಸಂಗತಿಗಳಿಗೆ ಇನ್ನೊಮ್ಮೆ ಉತ್ತರಿಸುತ್ತೇನೆ. ಕೊನೆಯ ಪುಟದ ಅಂಚಿನಲ್ಲಿ, ಬರೆಯಲೋ ಬೇಡವೋ ಎಂದು ಅನುಮಾನಿಸಿದವಳ ಹಾಗೆ ಸಣ್ಣ ಅಕ್ಷರದಲ್ಲಿ, "ಈಗೀಗ ತಟ್ಟೆಯಲ್ಲಿ ಅನ್ನ ಕಂಡರೆ ಹೆದರಿಕೆಯಾಗುತ್ತದೆ ಅತ್ತೆ" ಎಂದಿದ್ದೀಯಲ್ಲ, ಆ ಒಂದು ಮಾತು ಮಾತ್ರ ನನ್ನ ಮನಸ್ಸಿನಿಂದ ಸರಿಯುತ್ತಿಲ್ಲ. ರಕ್ತಪರೀಕ್ಷೆಯಲ್ಲಿ 6.1 ಬಂದಿದೆ ಎಂದು ಓದಿದಾಗಲೂ ನನಗೆ ಅಷ್ಟು ಕಳವಳವಾಗಲಿಲ್ಲ.

ಆ ಅಂಕಿಯ ಅರ್ಥವನ್ನು ನಮ್ಮ ವೈದ್ಯರ ಬಳಿ ಕೇಳಿ ತಿಳಿದುಕೊಂಡೆ. ಎಚ್‌ಬಿಎ1ಸಿ ಎಂಬ ಈ ಪರೀಕ್ಷೆ ಹಿಂದಿನ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುತ್ತದೆಯಂತೆ, 5.7ರಿಂದ 6.4ರವರೆಗೆ ಇದ್ದರೆ ಎಚ್ಚರಿಕೆಯ ಹಂತ, 6.5 ಮತ್ತು ಅದಕ್ಕಿಂತ ಮೇಲಾದರೆ ಸಕ್ಕರೆ ಕಾಯಿಲೆ. ನೀನು ಇನ್ನೂ ಎಚ್ಚರಿಕೆಯ ಹಂತದಲ್ಲಿದ್ದೀಯೆ. "ಅಪ್ಪನಿಗೆ ಆದದ್ದೇ ನನಗೂ ಆಗುತ್ತದೆ" ಎಂದು ನೀನು ನಿರ್ಧರಿಸಿಬಿಟ್ಟಿರುವುದು ಸರಿಯಲ್ಲ. ಕಾಯಿಲೆಯೆಂಬುದು ತೋಟದ ಪಾಲಿನ ಹಾಗೆ ತಂದೆಯಿಂದ ಮಕ್ಕಳಿಗೆ ಅಳೆದು ಬರೆದುಕೊಟ್ಟು ಬರುವುದಲ್ಲ. ಮನೆತನದಲ್ಲಿ ಇದ್ದರೆ ಬರುವ ಸಾಧ್ಯತೆ ಹೆಚ್ಚು ಎಂಬುದು ನಿಜ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಚೆನ್ನೈಯ ವೈದ್ಯರು ನಿನ್ನಂತೆಯೇ ಎಚ್ಚರಿಕೆಯ ಹಂತದಲ್ಲಿದ್ದ ನೂರಾರು ಮಂದಿಯನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಯಾವ ವಿಶೇಷ ಸಲಹೆಯೂ ಇಲ್ಲದೆ ಉಳಿದವರಲ್ಲಿ ಮೂರು ವರ್ಷಗಳೊಳಗೆ ನೂರಕ್ಕೆ 55 ಮಂದಿಗೆ ಕಾಯಿಲೆ ಬಂತು. ಊಟವನ್ನು ತಿದ್ದಿಕೊಂಡು ನಡಿಗೆಯನ್ನು ರೂಢಿಸಿಕೊಳ್ಳುವ ಸಲಹೆ ಪಡೆದವರಲ್ಲಿ ಅದು 39ಕ್ಕೆ ಇಳಿಯಿತು. ಎಲ್ಲರೂ ಪಾರಾಗಲಿಲ್ಲ, ಮಗಳೇ. ಆದರೂ ಅವರು ನಮ್ಮ ಹಾಗೆಯೇ ಅನ್ನ ಉಣ್ಣುವ ಸೀಮೆಯವರು ಎಂಬುದು ನನಗೆ ಬಹಳ ಧೈರ್ಯ ಕೊಟ್ಟಿತು.

ನಿನ್ನ ಅಪ್ಪನ ಕಾಲಿನ ವಿಷಯ, ಮಂಗಳೂರಿನ ಆ ದಿನಗಳ ವಿಷಯ ನಿನಗೆ ಗೊತ್ತಿರುವುದೇ, ಮತ್ತೆ ಬರೆಯುವುದಿಲ್ಲ. ನಿನಗೆ ಗೊತ್ತಿಲ್ಲದ, ಅದಕ್ಕಿಂತ ಹಿಂದಿನ ಸಂಗತಿಯೊಂದಿದೆ. ಕಾಯಿಲೆ ಗೊತ್ತಾದ ಹೊಸತರಲ್ಲಿ ತಿನ್ನಬಾರದ ವಸ್ತುಗಳ ಉದ್ದದ ಪಟ್ಟಿಯೊಂದು ಅಡುಗೆಮನೆಯ ಗೋಡೆಗೆ ಅಂಟಿಕೊಂಡಿತು. ಅಣ್ಣ ಒಂದು ಮಾತೂ ಆಡದೆ ಒಪ್ಪಿಕೊಂಡ. ಎರಡು ಹೊತ್ತೂ ಅನ್ನ ಬಿಟ್ಟ. ನೋಡಿದವರೆಲ್ಲ ಅವನ ಮನೋಬಲವನ್ನು ಹೊಗಳಿದರು. ಒಂದು ದಿನ ಒಗೆಯುವ ಕಲ್ಲಿನ ಬಳಿ ಅವನ ಅಂಗಿಯ ಕಿಸೆಗೆ ಕೈ ಹಾಕಿದಾಗ ನಾಲ್ಕಾಗಿ ಮಡಚಿದ ಪತ್ರಿಕೆಯ ಚೂರೊಂದು ಸಿಕ್ಕಿತು. ತುಪ್ಪ ಹೀರಿ ಅಕ್ಷರಗಳು ಹಿಂಬದಿಗೂ ಕಾಣುತ್ತಿದ್ದವು, ಮಡಿಕೆಯಲ್ಲಿ ಹಲ್ವದ ತುಣುಕು ಅಂಟಿತ್ತು. ಪೇಟೆಗೆ ಅಡಿಕೆ ಕೊಂಡುಹೋದ ದಿನಗಳಲ್ಲಿ ಬೇಕರಿಯ ಹಿಂದೆ ನಿಂತು, ಯಾರಿಗೂ ಕಾಣದಂತೆ, ಅವಸರದಿಂದ ತಿನ್ನುತ್ತಿದ್ದನೆಂದು ಆಮೇಲೆ ತಿಳಿಯಿತು. ಮನೆಯಲ್ಲಿ ನಮ್ಮೆದುರು ಹಸಿದು ಕುಳಿತುಕೊಳ್ಳುತ್ತಿದ್ದ, ಹೊರಗೆ ಒಬ್ಬನೇ ತಿನ್ನುತ್ತಿದ್ದ. ಅವನನ್ನು ಕೆಡಿಸಿದ್ದು ಆಸೆಯೆಂದು ಆಗ ಎಲ್ಲರೂ ಅಂದರು. ಹೆದರಿಕೆಯೆಂದು ನನಗೆ ಅನಿಸುತ್ತದೆ. ನಿನಗೆ ಭಯವಾಗುತ್ತದೆಯೇ ಅಣ್ಣಾ ಎಂದು ನಾವು ಯಾರೂ ಅವನನ್ನು ಕೇಳಲಿಲ್ಲ ಎಂಬ ಕೊರಗು ಇಷ್ಟು ವರ್ಷಗಳಾದರೂ ನನ್ನಲ್ಲಿ ಉಳಿದಿದೆ. ಆದ್ದರಿಂದಲೇ ನೀನು ಹೆದರಿಕೆ ಎಂದು ಬರೆದದ್ದನ್ನು ಓದಿ ನನ್ನ ಕೈ ನಡುಗಿತು.

ನೀನು ರಾತ್ರಿ ಊಟ ಬಿಡುತ್ತಿದ್ದೀಯೆಂದೂ, ನಡುರಾತ್ರಿ ಹಸಿವು ತಡೆಯಲಾರದೆ ಬಿಸ್ಕತ್ತಿನ ಪೊಟ್ಟಣ ಬಿಚ್ಚುತ್ತೀಯೆಂದೂ ಬರೆದಿದ್ದೀಯೆ. ಎರಡಕ್ಕೂ ಮೂಲ ಒಂದೇ. ದಯವಿಟ್ಟು ಅನ್ನವನ್ನು ಪೂರ್ತಿ ಬಿಡಬೇಡ. ಮೊದಲು ಇಕ್ಕುತ್ತಿದ್ದುದಕ್ಕಿಂತ ಒಂದು ಸೌಟು ಕಡಿಮೆ ಇಕ್ಕಿಕೊಂಡು, ಆ ಜಾಗದಲ್ಲಿ ಬಸಳೆಯನ್ನೋ ಅಲಸಂಡೆಯನ್ನೋ ಹೆಸರುಕಾಳನ್ನೋ ಬಡಿಸಿಕೋ. ನಮ್ಮಲ್ಲಿ ಎಲೆಗೆ ಮೊದಲು ಬೀಳುವುದು ಪಲ್ಯ, ಕೋಸಂಬರಿ, ಅನ್ನ ಆಮೇಲೆ. ಅದೇ ಕ್ರಮದಲ್ಲಿ ತಿಂದು ನೋಡು. ತರಕಾರಿಯೂ ಬೇಳೆಯೂ ಮೊದಲು ಹೊಟ್ಟೆ ಸೇರಿದರೆ ಊಟದ ನಂತರ ಸಕ್ಕರೆ ಏರುವ ವೇಗ ತಗ್ಗುತ್ತದೆ ಎಂದು ವೈದ್ಯರೂ ಹೇಳುತ್ತಾರೆ. ಕುಚ್ಚಲಕ್ಕಿ ಉಂಡರೆ ಏನೂ ಆಗದು ಎಂಬ ಮಾತನ್ನು ಮಾತ್ರ ನಂಬಬೇಡ. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನ ಜೀವಸತ್ವಗಳು ಸ್ವಲ್ಪ ಕಾಳಿನೊಳಗೆ ಇಳಿಯುತ್ತವೆ, ಅದು ಒಳ್ಳೆಯದೇ. ಆದರೂ ಅದು ಅಕ್ಕಿಯೇ, ಅಳತೆ ಬೇಕು. ಬೆಲ್ಲಕ್ಕೂ ಇದೇ ಮಾತು ಸಲ್ಲುತ್ತದೆ. ಸಕ್ಕರೆಯ ಬದಲು ಬೆಲ್ಲ ಹಾಕಿದೆನೆಂದು ಸಮಾಧಾನಪಟ್ಟುಕೊಳ್ಳುವವರನ್ನು ಕಂಡಾಗ ನನಗೆ ಮರುಕವಾಗುತ್ತದೆ.

ನಾನು ಸಣ್ಣವಳಿದ್ದಾಗಿನ ಊಟವೇ ಅಮೃತವೆಂದು ಹೇಳುವವಳು ನಾನಲ್ಲ. ಅನುಪ್ಪತ್ಯ, ಅಂದರೆ ಮನೆಯ ಸಮಾರಂಭ, ಬಂದರೆ ಪಾಯಸವನ್ನು ಎಲೆ ತುಂಬಿ ಹರಿಯುವಷ್ಟು ಸುರಿಯುತ್ತಿದ್ದರು, ಉಣ್ಣಲು ಒತ್ತಾಯಿಸುವುದೇ ಪ್ರೀತಿಯೆಂದು ತಿಳಿದಿದ್ದರು. ಆದರೆ ಬೆಳಗ್ಗೆ ಗಂಜಿ ಉಂಡವರು ಕೂಡಲೇ ತೋಟದ ಮೆಟ್ಟಿಲಿಳಿಯುತ್ತಿದ್ದರು, ಅಡಿಕೆ ಹೆಕ್ಕುತ್ತಿದ್ದರು, ಗುಡ್ಡೆಯಿಂದ ಸೊಪ್ಪು ಹೊರುತ್ತಿದ್ದರು. ಬಾಯಾರಿದರೆ ಸುರಂಗದ ನೀರು. ಗುಡ್ಡೆಯ ಮುರಕಲ್ಲಿನೊಳಗೆ ಅಡ್ಡಲಾಗಿ ಕೊರೆದ ನಮ್ಮ ಸುರಂಗದ ಬಾಯಿಗೆ ನೀರು ಹರಿದು ಬರಲು ಅಡಿಕೆಮರದ ದಂಬೆ ಇಟ್ಟಿದ್ದರು. ಅದರ ಕೆಳಗೆ ಬೊಗಸೆಯೊಡ್ಡಿ ನಿನ್ನ ಅಪ್ಪ ಕುಡಿಯುತ್ತಿದ್ದುದನ್ನು ನೆನೆದಾಗ ಮಾತ್ರ ನನಗೆ ಅವನು ಹೆದರಿಕೆಯಿಲ್ಲದ ಹುಡುಗನಾಗಿ ಕಾಣುತ್ತಾನೆ. ಮನೆಗೆ ಯಾರೇ ಬಂದರೂ ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು. ದಿನಕ್ಕೆ ಐದಾರು ಚಹಾ ಕುಡಿಯುವ ಅಭ್ಯಾಸ ಆಗ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಚಹಾದ ಮಾತು ಬಂತಲ್ಲ, ಅದನ್ನೂ ಬರೆದುಬಿಡುತ್ತೇನೆ, ಉಪದೇಶವೆನಿಸಿದರೆ ಕ್ಷಮಿಸು. ಕಚೇರಿಯಲ್ಲಿ ಐದು ಸಲ, ಪ್ರತಿ ಲೋಟಕ್ಕೆ ಎರಡು ಚಮಚ ಎಂದರೆ ಹತ್ತು ಚಮಚ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆಯವರು ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಆರು ಚಮಚದೊಳಗೆ ಇದ್ದರೆ ಒಳ್ಳೆಯದು ಎನ್ನುತ್ತಾರೆ, ಅದೂ ಎಲ್ಲ ತಿಂಡಿ ಪಾನೀಯಗಳಲ್ಲಿ ಬೆರೆಸಿದ್ದೂ ಸೇರಿ. ಒಮ್ಮೆಗೇ ನಿಲ್ಲಿಸಬೇಡ. ಲೋಟಕ್ಕೆ ಅರ್ಧ ಚಮಚ ಕಡಿಮೆ ಮಾಡು, ನಾಲಿಗೆ ಒಗ್ಗಿದ ಮೇಲೆ ಇನ್ನರ್ಧ. ಸಂಜೆಯ ಕೊನೆಯ ಚಹಾವನ್ನು ಬಿಟ್ಟರೆ ನಿದ್ದೆಯೂ ಸುಧಾರಿಸೀತು. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದಾಡು. ಮಹಡಿಯ ಮೇಲಾದರೂ ಆದೀತು. ಹಣ್ಣನ್ನು ಹಿಂಡಿ ಕುಡಿಯುವ ಬದಲು ಹಾಗೆಯೇ ತಿನ್ನು. ಇಷ್ಟೇ ನನಗೆ ಗೊತ್ತಿರುವುದು. ನಾನು ವೈದ್ಯಳಲ್ಲ, ನಿನ್ನ ವೈದ್ಯರು ಬೇರೆ ಹೇಳಿದರೆ ಅವರ ಮಾತೇ ನಡೆಯಲಿ.

ಆದರೆ ಒಂದನ್ನು ವೈದ್ಯರು ಹೇಳಲಾರರು, ನಾನೇ ಹೇಳಬೇಕು. ಒಬ್ಬಳೇ ಉಣ್ಣಬೇಡ. ನಿನ್ನ ಗಂಡನಿಗೆ ಈ ಹೆದರಿಕೆಯ ವಿಷಯ ಗೊತ್ತಿದೆಯೇ? ನೀನು ಬರೆದ ರೀತಿ ನೋಡಿದರೆ ಇಲ್ಲವೆಂದೇ ತೋರುತ್ತದೆ. ಇವತ್ತೇ ಹೇಳು. ಮಕ್ಕಳ ಜೊತೆ ಕುಳಿತು, ಅವರಿಗೆ ಬಡಿಸಿದ್ದನ್ನೇ ನೀನೂ ಉಣ್ಣು. ನಿನಗೆಂದೇ ಬೇರೆ ಸಪ್ಪೆ ಅಡುಗೆ ಮಾಡಿಕೊಳ್ಳಬೇಡ. ಒಂದು ದಿನ ಹೆಚ್ಚು ಉಂಡೆಯಾದರೆ ಮರುದಿನ ಉಪವಾಸ ಕೂರುವ ಶಿಕ್ಷೆಯನ್ನೂ ಕೊಟ್ಟುಕೊಳ್ಳಬೇಡ. ಅಣ್ಣ ಹೀಗೆಯೇ ಮಾಡುತ್ತಿದ್ದ: ಮೂರು ದಿನ ಹಸಿವು, ನಾಲ್ಕನೆಯ ದಿನ ಯಾರದೋ ಮನೆಯ ಮದುವೆಯೂಟ, ಮತ್ತೆ ಮುಖ ಸಣ್ಣ ಮಾಡಿಕೊಂಡು ಹಸಿವು. ತಟ್ಟೆಯ ಮುಂದೆ ಎದೆ ಹೊಡೆದುಕೊಳ್ಳುವುದು ಹೀಗೆಯೇ ಮುಂದುವರಿದರೆ ಅದನ್ನೂ ವೈದ್ಯರಿಗೆ ಹೇಳು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮೂರು ತಿಂಗಳ ಬಳಿಕ ಪರೀಕ್ಷೆಯನ್ನು ತಪ್ಪದೆ ಮಾಡಿಸು, ಅದಕ್ಕೆ ಮೊದಲು ದಿನ ದಿನ ಅಂಕಿಯನ್ನು ನೆನೆಯುತ್ತಾ ಕೂರಬೇಡ.

ನೆರೆಮನೆಯ ಹುಡುಗ ಈ ವಾರ ಬೆಂಗಳೂರಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಕುಚ್ಚಲಕ್ಕಿಯನ್ನೂ ಒಣಗಿಸಿದ ಪುನರ್ಪುಳಿ ಸಿಪ್ಪೆಯನ್ನೂ ಕಳುಹಿಸುತ್ತಿದ್ದೇನೆ. ಸಿಪ್ಪೆಯನ್ನು ರಾತ್ರಿ ನೀರಲ್ಲಿ ನೆನೆಹಾಕಿ, ಸಕ್ಕರೆ ಸೇರಿಸದೆ ಚಿಟಿಕೆ ಉಪ್ಪು, ಜೀರಿಗೆ ಪುಡಿ ಹಾಕಿ ಕಚೇರಿಗೆ ಒಯ್ಯು, ಮಧ್ಯಾಹ್ನದ ಒಂದು ಚಹಾ ಅಷ್ಟರಲ್ಲೇ ತಪ್ಪುತ್ತದೆ. ಒಂದೆಲಗವನ್ನು ಬೇರುಸಹಿತ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಕುಂಡದಲ್ಲಿ ನೆಟ್ಟು ನೆರಳಲ್ಲಿಡು, ಬೇಗ ಹಬ್ಬುತ್ತದೆ. ತಂಬುಳಿಗೆ ತೆಂಗಿನಕಾಯಿ ಸ್ವಲ್ಪ ಸಾಕು, ಮಜ್ಜಿಗೆ ಧಾರಾಳವಾಗಿರಲಿ. ಕುಚ್ಚಲಕ್ಕಿ ಬೇಯಲು ಬೆಳ್ತಿಗೆ ಅಕ್ಕಿಗಿಂತ ಹೆಚ್ಚು ಹೊತ್ತು ಬೇಕು, ಮೊದಲೇ ನೆನೆಸಿಡು.

ಇತಿ,
ನಿನ್ನ ಸೋದರತ್ತೆ