ಮಗಳಿಗೊಂದು ಪತ್ರ: ಇನ್ನೂರು ನಿಮಿಷದ ಲೆಕ್ಕ

ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ‘ಅಪ್ಪಾ, ಇವತ್ತು ಆಡಿಸಿದ್ದು ಆರು ನಿಮಿಷ’ ಅಂದೆ. ನಾನು ‘ಎಷ್ಟು ಅಂಕ?’ ಅಂದೆ. ‘ಅಮ್ಮನಿಗೆ ಕೊಡು’ ಅಂದೆ ನೀನು. ಫೋನನ್ನು ಅವಳ ಕೈಗಿಟ್ಟು ಹೋಗಿ ಮಲಗಿದೆ, ನಿದ್ದೆ ಮಾತ್ರ ಹತ್ತಲಿಲ್ಲ. ಮತ್ತೆ ಮಾತಿಗೆ ಕೂತರೆ ಮತ್ತೆ ಅಂಕದ ಸುದ್ದಿಗೇ ಬರುತ್ತೇನೆ, ನನ್ನ ಬಾಯಿ ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಎಷ್ಟೋ ವರ್ಷ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಲ್ಲಿ ಸ್ಕೋರರ್ ಮೇಜಿಗೆ ಕೂತವನು. ಆ ಹಾಳೆ ನಿನಗೂ ಗೊತ್ತು. ಶುರುವಿಗೆ ಇಳಿಯುವ ಐವರ ಹೆಸರಿನ ಮುಂದೆ ಇಂಟು ಗುರುತು ಹಾಕಿ ಅದರ ಸುತ್ತ ಒಂದು ಸೊನ್ನೆ. ಆಮೇಲೆ ಬದಲಿಯಾಗಿ ಬಂದವರಿಗೆ ಬರೀ ಇಂಟು. ಕೊನೆಯವರೆಗೂ ಬೆಂಚಿನಲ್ಲೇ ಉಳಿದವರ ಚೌಕ ಖಾಲಿ. ಎಷ್ಟು ಪಂದ್ಯಗಳ ಹಾಳೆ ಬರೆದಿದ್ದೇನೋ, ಆ ಖಾಲಿ ಚೌಕದ ಕಡೆ ಒಂದು ದಿನವೂ ತಿರುಗಿ ನೋಡಿರಲಿಲ್ಲ. ನನ್ನ ಮಟ್ಟಿಗೆ ಅದು ಬರೆಯುವ ಕೆಲಸ ಉಳಿಸುವ ಜಾಗ. ಅಂಥ ಒಂದೊಂದು ಚೌಕಕ್ಕೂ ಎಲ್ಲೋ ಒಬ್ಬ ಅಪ್ಪ ಇರುತ್ತಾನೆ ಅಂತ ಹೊಳೆದದ್ದು ನಿನ್ನ ಚೌಕ ಖಾಲಿ ಉಳಿದ ರಾತ್ರಿ.

ನಿದ್ದೆ ಬಾರದ್ದಕ್ಕೆ ಎದ್ದು ಲೆಕ್ಕ ಹಾಕಿದೆ. ಪಂದ್ಯ 40 ನಿಮಿಷ, ಅಂಕಣದಲ್ಲಿ ಐವರು. ಹೆಚ್ಚುವರಿ ಅವಧಿ ಬಂದರೆ ಬೇರೆ ಮಾತು. ಇಲ್ಲದಿದ್ದರೆ ಒಂದು ತಂಡಕ್ಕೆ ಒಂದು ಪಂದ್ಯದಲ್ಲಿ ಹಂಚಲು ಇರುವುದು ಬರೋಬ್ಬರಿ 200 ನಿಮಿಷ. ಶುರುವಿನ ಐವರು ತಲಾ 30 ಆಡಿದರೆ 150 ಅಲ್ಲಿಗೇ ಮುಗಿಯಿತು. ಉಳಿದ 50ಕ್ಕೆ ಹನ್ನೆರಡರ ತಂಡದಲ್ಲಿ ಮಿಕ್ಕ ಏಳು ಜನ. ಆರನೆಯವಳು 20, ಏಳನೆಯವಳು 15 ತೆಗೆದುಕೊಂಡರೆ ಇನ್ನು ಐವರ ಪಾಲಿಗೆ 15 ನಿಮಿಷ. ಅದನ್ನೂ ಯಾವ ಕೋಚೂ ಮೂರು ಮೂರು ಅಂತ ಸಮನಾಗಿ ಹಂಚುವುದಿಲ್ಲ. ಎಂಟನೆಯವಳಿಗೋ ಒಂಬತ್ತನೆಯವಳಿಗೋ ಕೊಟ್ಟು ಮುಗಿಸುತ್ತಾರೆ. ನಿನ್ನ ಆರು ನಿಮಿಷ ಆ ಹದಿನೈದರಿಂದ ಬಂದದ್ದು. ಕೋಚ್‌ಗೆ ನಿನ್ನ ಮೇಲೆ ಹಗೆ ಇದೆ ಅಂತ ನಾನು ಅಮ್ಮನ ಹತ್ತಿರ ಕೂಗಾಡಿದ್ದೆ. ಈ ಲೆಕ್ಕ ಹಾಕಿದ ಮೇಲೆ ಆ ಕೂಗು ಸ್ವಲ್ಪ ತಗ್ಗಿದೆ. ಪೂರ್ತಿ ನಿಂತಿಲ್ಲ, ನಾನೂ ಅಪ್ಪನೇ ಅಲ್ಲವೇ.

ಕೋಚ್‌ಗೆ ನಂಬಿಕೆ ಬಂದರೆ ನಿಮಿಷ ಕೊಡುತ್ತಾರೆ, ನಿಮಿಷ ಸಿಕ್ಕರೆ ತಾನೇ ನಂಬಿಕೆ ಬರುವುದು ಅಂತ ಹೋದ ತಿಂಗಳು ನೀನು ಅತ್ತಿದ್ದೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅಂತ ನಿನ್ನಜ್ಜಿ ಹೇಳುತ್ತಿದ್ದ ಮಾತು ಆಗ ನೆನಪಾಯಿತು. ಫೋನಿನಲ್ಲಿ ನಗಿಸಲು ಹೇಳೋಣ ಅಂದುಕೊಂಡೆ, ನಿನ್ನ ದನಿ ಕೇಳಿ ಸುಮ್ಮನಾದೆ.

ಆದರೆ ಮೇಜಿನ ಹಿಂದೆ ಕೂತು ನೋಡಿದ ಒಂದು ವಿಷಯ ಇದೆ. ಬದಲಿಯಾಗಿ ಬಂದ ಹುಡುಗಿಯರಲ್ಲಿ ಹೆಚ್ಚಿನವರು ಚೆಂಡು ಕೈಗೆ ಬಂದ ಕೂಡಲೇ ಎಸೆಯುತ್ತಿದ್ದರು. ಸಿಕ್ಕ ಮೂರು ನಿಮಿಷದಲ್ಲಿ ಮೂವತ್ತು ನಿಮಿಷದ ಆಟ ತೋರಿಸುವ ಆತುರ. ನನಗೆ ಅದು ಧೈರ್ಯದ ಹಾಗೆ ಕಾಣುತ್ತಿತ್ತು. ಕೋಚ್‌ಗಳ ಕಣ್ಣು ಮಾತ್ರ ಬೇರೆಲ್ಲೋ ಇರುತ್ತಿತ್ತು. ಎದುರಾಳಿ ಸ್ಕ್ರೀನ್ ಹಾಕಿದಾಗ, ಅಂದರೆ ನಮ್ಮವಳ ದಾರಿಗೆ ಅಡ್ಡ ನಿಂತಾಗ, ಈ ಹುಡುಗಿ ಕೂಗಿ ಹೇಳಿದಳೇ? ತಾನು ಕಾಯಬೇಕಾದವಳನ್ನು ಬಿಟ್ಟು ಚೆಂಡಿನ ಹಿಂದೆ ಓಡಿದಳೇ? ಎಸೆತ ಹಾರಿದಾಗ ಎದುರಾಳಿಗೆ ಬೆನ್ನು ಕೊಟ್ಟು ಅಡ್ಡ ನಿಂತಳೇ, ಇಲ್ಲ ಚೆಂಡನ್ನೇ ನೋಡುತ್ತ ನಿಂತಳೇ? ಬೆಂಚಿನಿಂದ ಬಂದವಳಿಂದ ಅವರು ಮೊದಲು ಬಯಸುವುದು ಒಂದೇ: ಮುಖ್ಯ ಆಟಗಾರ್ತಿ ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಮುನ್ನಡೆ ಕರಗಬಾರದು. ಇದು ಅನ್ಯಾಯ ಅನ್ನಿಸಿದರೆ ಹೌದು, ಅನ್ಯಾಯವೇ. ಅವಳು ಎರಡು ಪಾಸ್ ತಪ್ಪಿದರೆ ಆಟದ ಭಾಗ, ನೀನು ಒಂದು ತಪ್ಪಿದರೆ ಬೆಂಚಿಗೆ ವಾಪಸ್ ಕರೆಯುತ್ತಾರೆ.

ಬೆಲೆಯ ಮಾತಿಗೆ ಬರುತ್ತೇನೆ, ನಿನ್ನನ್ನು ನಿಜವಾಗಿ ಕೊರೆಯುತ್ತಿರುವುದು ಅದೇ. ಒಪ್ಪಂದ ಈ ಋತುವಿಗೆ ಮುಗಿಯುತ್ತದೆ. ಮುಂದಿನದು ಅಂಕಿಅಂಶ ನೋಡಿ ಬರುತ್ತದೆ. ಅಂಕಿಅಂಶ ನಿಮಿಷದಿಂದ ಬರುತ್ತದೆ. ನಿನ್ನನ್ನು ಸಮಾಧಾನ ಮಾಡಲು ನಾನೊಂದು ದಡ್ಡತನ ಮಾಡಿದ್ದೆ, ನೆನಪಿದೆಯಾ? ಆರು ನಿಮಿಷಕ್ಕೆ ನಾಲ್ಕು ಅಂಕ, ಅದನ್ನೇ 40 ನಿಮಿಷಕ್ಕೆ ಹಿಗ್ಗಿಸಿದರೆ 26 ದಾಟುತ್ತದೆ ಅಂತ ಮೆಸೇಜ್ ಕಳಿಸಿದ್ದೆ. ಮುಂದಿನ ಪಂದ್ಯದಲ್ಲಿ ಎರಡೂ ಎಸೆತ ತಪ್ಪಿದವು. ಅದೇ ಲೆಕ್ಕದಲ್ಲಿ ನೀನು ಸೊನ್ನೆ. ಅಷ್ಟು ಕಡಿಮೆ ಹೊತ್ತಿನ ಅಂಕಿ ಹೊಗಳಿಕೆಗೂ ಸಾಲದು, ತೆಗಳಿಕೆಗೂ ಸಾಲದು. ನೀನು ಉತ್ತರ ಕೊಡಲಿಲ್ಲ, ಒಳ್ಳೆಯದೇ ಮಾಡಿದೆ.

ಅಂಕದ ಕಾಲಂ ಬಿಟ್ಟು ನೋಡುವವರು ಈಗ ಇದ್ದಾರೆ. ಶೇನ್ ಬ್ಯಾಟಿಯರ್ ಅಂತ ಅಮೆರಿಕದ ಎನ್‌ಬಿಎ ಲೀಗಿನಲ್ಲಿ ಒಬ್ಬ ಇದ್ದ. ಸ್ಕೋರ್ ಹಾಳೆ ನೋಡಿದರೆ ಸಾಧಾರಣ ಆಟಗಾರ. ಆದರೆ ಅವನು ಅಂಕಣದಲ್ಲಿ ಇದ್ದಷ್ಟು ಹೊತ್ತು ಅವನ ತಂಡ ಗಳಿಸಿದ್ದೆಷ್ಟು, ಬಿಟ್ಟುಕೊಟ್ಟದ್ದೆಷ್ಟು ಅಂತ ಕೂಡಿ ಕಳೆದರೆ ಅವನ ಬೆಲೆ ತಿಳಿಯುತ್ತಿತ್ತು. ಪ್ಲಸ್-ಮೈನಸ್ ಅಂತೀರಲ್ಲ, ಅದು. ಒಂದು ಪಂದ್ಯದ ಪ್ಲಸ್-ಮೈನಸ್ ಹಿಡಿದು ಯಾರಾದರೂ ನಿನ್ನ ಬಗ್ಗೆ ಮಾತಾಡಿದರೆ ನಂಬಬೇಡ, ಜೊತೆಗೆ ಆಡಿದ ನಾಲ್ವರ ಪುಣ್ಯಪಾಪವೂ ಅದರಲ್ಲಿ ಸೇರಿರುತ್ತದೆ. ಒಂದಿಡೀ ಋತುವಿನದ್ದಾದರೆ ಕೇಳಿಸಿಕೋ. ಬ್ಯಾಟಿಯರ್ 2012 ಮತ್ತು 2013ರಲ್ಲಿ ಮಯಾಮಿ ತಂಡದಲ್ಲಿದ್ದು ಎರಡು ಪ್ರಶಸ್ತಿ ಕಂಡ.

ನಿನಗೆ ಎಲ್ಲರೂ ಎನ್‌ಬಿಎಯ ಜೆರೆಮಿ ಲಿನ್ ಕಥೆ ಹೇಳಿರುತ್ತಾರೆ. 2011ರ ಡಿಸೆಂಬರ್ ಒಂದರಲ್ಲೇ ಎರಡು ತಂಡಗಳು ಅವನನ್ನು ಕೈಬಿಟ್ಟವು. 2012ರ ಫೆಬ್ರುವರಿ 4ರಂದು ನ್ಯೂಯಾರ್ಕ್ ನಿಕ್ಸ್ ಪರ ಬೆಂಚಿನಿಂದ ಎದ್ದು ಬಂದು 25 ಅಂಕ ಹೊಡೆದ, ಆರು ದಿನದ ಮೇಲೆ ಲೇಕರ್ಸ್ ಎದುರು 38. ನನಗೆ ಆ ಕಥೆ ಇಷ್ಟ, ಆದರೆ ನಿನಗೆ ಹೇಳಲು ಮನಸ್ಸಿಲ್ಲ. ಅವತ್ತು ಆ ತಂಡ ಸೋಲಿನ ಮೇಲೆ ಸೋಲು ಉಂಡು ಕಂಗೆಟ್ಟಿತ್ತು, ಕೋಚ್‌ಗೆ ಬೇರೆ ದಾರಿ ಇರಲಿಲ್ಲ. ಅವನಷ್ಟೇ ತಯಾರಾಗಿದ್ದು, ಅಂಥ ಒಂದು ರಾತ್ರಿ ಬಾರದೇ ಹೋದವರ ಕಥೆ ಯಾರೂ ಬರೆಯುವುದಿಲ್ಲ. ‘ತಾಳಿದವನು ಬಾಳಿಯಾನು’ ಅಂತ ಸುಲಭವಾಗಿ ಹೇಳಿಬಿಡುವವರಿಗೆ ಈ ಲೆಕ್ಕ ಕಾಣುವುದಿಲ್ಲ. 2024ರಲ್ಲಿ ಅಮೆರಿಕದ ಮಹಿಳಾ ಲೀಗ್ ಡಬ್ಲ್ಯುಎನ್‌ಬಿಎಯಲ್ಲಿ ಇದ್ದದ್ದು 12 ತಂಡ, ತಂಡಕ್ಕೆ ಹೆಚ್ಚೆಂದರೆ 12 ಮಂದಿ. ಇಡೀ ಲೀಗಿಗೆ 144 ಜಾಗ. ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರ್ತಿಯರನ್ನು ಸರದಿಯಂತೆ ಆರಿಸುವಾಗ, ಹೆಸರು ಕೂಗಿಸಿಕೊಂಡವರೇ ತರಬೇತಿ ಶಿಬಿರದಿಂದ ಚೀಲ ಹೊತ್ತು ಹೊರಟುಬಿಡುತ್ತಾರೆ. ತಂಡದ ಹನ್ನೆರಡರಲ್ಲಿ ನೀನೊಬ್ಬಳು ಅನ್ನುವುದು ಕೂಡ ಒಂದು ಬೆಲೆಯೇ, ಆದರೆ ಅದನ್ನು ಹೇಳಿ ನಿನ್ನ ಬಾಯಿ ಮುಚ್ಚಿಸಲು ಹೊರಟಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಕೆಲ್ಸಿ ಪ್ಲಮ್. 2017ರ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆರಿಸಲ್ಪಟ್ಟವಳು. 2021ರಲ್ಲಿ ಅದೇ ಹುಡುಗಿ ಬೆಂಚಿನಿಂದ ಇಳಿದು ಆಡುತ್ತಿದ್ದಳು, ಆ ವರ್ಷದ ಅತ್ಯುತ್ತಮ ಆರನೇ ಆಟಗಾರ್ತಿ ಅನ್ನಿಸಿಕೊಂಡಳು. ಮರುವರ್ಷ ಲಾಸ್ ವೇಗಸ್ ಏಸಸ್ ತಂಡಕ್ಕೆ ಹೊಸ ಕೋಚ್ ಬಂದರು, ಬೆಕಿ ಹ್ಯಾಮನ್. ಪ್ಲಮ್ ಶುರುವಿನ ಐವರಿಗೆ ಮರಳಿದಳು, ತಂಡ ಪ್ರಶಸ್ತಿಯನ್ನೂ ಗೆದ್ದಿತು. ಆ ಹ್ಯಾಮನ್ ಯಾರು ಗೊತ್ತಲ್ಲ? 1999ರ ಡ್ರಾಫ್ಟ್‌ನಲ್ಲಿ ಒಂದೇ ಒಂದು ತಂಡವೂ ಆರಿಸದೇ ಬಿಟ್ಟವರು. ಬೆಂಚು ಎಷ್ಟು ಗಟ್ಟಿ ಇರುತ್ತದೆ ಅಂತ ತಿಳಿದವರ ಕೈಗೆ ಕೋಚ್‌ನ ಹಲಗೆ ಸಿಕ್ಕರೆ ಹೀಗೂ ಆಗುತ್ತದೆ.

ತಂಡ ಬಿಡಲೇ ಅಂತ ಕೇಳಿದ್ದೀಯ. ಅಮ್ಮನಿಗೆ ಬೇಡ ಅಂತ ಇದೆ, ನಿಷ್ಠೆ ಗಿಷ್ಠೆ ಅಂತ ಏನೋ ಹೇಳುತ್ತಾಳೆ. ನನಗೆ ಹಾಗನ್ನಿಸುವುದಿಲ್ಲ. ಎನ್‌ಬಿಎ ಆಟಗಾರ ಜರ್ಮೇನ್ ಓನೀಲ್ ಪೋರ್ಟ್‌ಲ್ಯಾಂಡ್‌ನಲ್ಲಿ ನಾಲ್ಕು ಋತು ದೊಡ್ಡ ಆಟಗಾರರ ಹಿಂದೆ ಬೆಂಚಿನಲ್ಲಿ ಕಳೆದ. 2000ದಲ್ಲಿ ಇಂಡಿಯಾನಾಕ್ಕೆ ಹೋದ, 2002ರಿಂದ ಸತತ ಆರು ವರ್ಷ ಲೀಗಿನ ಆಯ್ದ ತಾರೆಯರ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದ. ಮೈ ಅದೇ, ಕೈ ಅದೇ. ಅಲ್ಲಿ ಅವನ ಜಾಗದಲ್ಲಿ ಬೇರೆಯವರಿದ್ದರು, ಇಲ್ಲಿ ಜಾಗ ಖಾಲಿ ಇತ್ತು. ಹಾಗಾಗಿ ಹೊಸ ತಂಡ ಹುಡುಕುವಾಗ ಸಂಬಳದ ಜೊತೆಗೆ ಇದನ್ನೂ ನೋಡು: ನಿನ್ನ ಜಾಗದಲ್ಲಿ ಆಡುವವರು ಅಲ್ಲಿ ಎಷ್ಟು ಮಂದಿ, ಅವರ ಒಪ್ಪಂದ ಯಾವಾಗ ಮುಗಿಯುತ್ತದೆ. ಏಜೆಂಟ್ ಸಂಬಳದ ಅಂಕಿ ತಾನಾಗಿ ಹೇಳುತ್ತಾನೆ, ಇದನ್ನು ನೀನೇ ಬಾಯಿಬಿಟ್ಟು ಕೇಳಬೇಕು.

ಅದಕ್ಕೂ ಮೊದಲು ಕೋಚ್ ಹತ್ತಿರ ಒಮ್ಮೆ ಹೋಗು. ಸೋತ ರಾತ್ರಿ ಬೇಡ, ಅಭ್ಯಾಸದ ದಿನ ಹೋಗು. ‘ನನ್ನನ್ನು ಯಾಕೆ ಆಡಿಸಲ್ಲ’ ಅಂತ ಕೇಳಿದರೆ ಅವರು ತಮ್ಮನ್ನು ಸಮರ್ಥಿಸಿಕೊಳ್ಳಲು ಶುರುಮಾಡುತ್ತಾರೆ. ‘ನಾನು ಅಂಕಣದಲ್ಲಿರುವಾಗ ನಿಮಗೆ ಯಾವ ಭಯ?’ ಅಂತ ಕೇಳಿ ನೋಡು. ಉತ್ತರ ಬಂದರೆ ಅದರ ಮೇಲೆ ಕೆಲಸ ಮಾಡು. ಮಾತು ತೇಲಿಸಿದರೆ ಅದೂ ಉತ್ತರವೇ, ಆಗ ಏಜೆಂಟ್‌ಗೆ ಫೋನ್ ಮಾಡು. ಪಕ್ಕದಲ್ಲಿ ಕೂರುವ ಹುಡುಗಿಯ ಮೇಲೆ ಹೊಟ್ಟೆಕಿಚ್ಚು ಬಂದಿದೆ ಅಂತ ಅಮ್ಮನಿಗೆ ಹೇಳಿದೆಯಂತೆ. ಬರುತ್ತದೆ ಪುಟ್ಟಿ. 200 ನಿಮಿಷದಲ್ಲಿ ಅವಳ ಪಾಲು ಬೆಳೆದರೆ ನಿನ್ನದು ಕುಗ್ಗುತ್ತದೆ, ಅದನ್ನು ಯಾರು ಮುಚ್ಚಿಡಲು ಆಗುತ್ತದೆ? ಆದರೂ ಅವಳು ಎಸೆದಾಗ ನೀನು ಎದ್ದು ಚಪ್ಪಾಳೆ ತಟ್ಟಿದ್ದನ್ನು ನಾನು ನೋಡಿದೆ. ಅದು ನಾಟಕವೋ ನಿಜವೋ ನಾನು ಕೇಳುವುದಿಲ್ಲ.

ಇನ್ನು ನನ್ನದೊಂದು. ನೀನು ಶಾಲೆಯ ತಂಡದಲ್ಲಿದ್ದಾಗಿನಿಂದ ಪಂದ್ಯ ಮುಗಿದ ಮೇಲೆ ನಾನು ಕೇಳಿದ ಮೊದಲ ಪ್ರಶ್ನೆ ‘ಎಷ್ಟು ಹೊಡೆದೆ?’ ಒಮ್ಮೆ ನೀನು ಒಂಬತ್ತು ರೀಬೌಂಡ್, ಅಂದರೆ ಗುರಿ ತಪ್ಪಿ ಮರಳಿದ ಒಂಬತ್ತು ಚೆಂಡು, ಹಿಡಿದು ಕುಣಿಯುತ್ತ ಬಂದಿದ್ದೆ, ಅವತ್ತೂ ಅದನ್ನೇ ಕೇಳಿದೆ. ನಿನ್ನ ಮುಖ ಹೇಗಾಯಿತು ಅನ್ನುವುದು ಈಗ ಕಣ್ಣಿಗೆ ಕಟ್ಟುತ್ತದೆ, ಆಗ ಕಟ್ಟಲಿಲ್ಲ. ನಿನ್ನ ಬೆಲೆಯನ್ನು ಅಂಕದಲ್ಲಿ ಅಳೆಯಲು ಕಲಿಸಿದವನು ಕೋಚ್ ಅಲ್ಲ.

ಇನ್ನೊಂದು ವಿಷಯ ಕೇಳಬೇಕಿತ್ತು. ನಿನ್ನೆಯ ಪಂದ್ಯದ ಮೂರನೇ ಕ್ವಾರ್ಟರ್‌ನಲ್ಲಿ ಟೈಮ್‌ಔಟ್ ಆದಾಗ ಕ್ಯಾಮೆರಾ ಒಂದು ಗಳಿಗೆ ನಿಮ್ಮ ಬೆಂಚಿನ ಕಡೆ ತಿರುಗಿತು. ನೀನು 11ನೇ ನಂಬರಿನವಳ ಭುಜ ಹಿಡಿದು ಆಚೆ ಮೂಲೆಯನ್ನು ತೋರಿಸಿ ಏನೋ ಹೇಳುತ್ತಿದ್ದೆ, ಅವಳು ತಲೆಯಾಡಿಸಿದಳು. ಆಟ ಮತ್ತೆ ಶುರುವಾದ ಕೂಡಲೇ ಅವಳು ಅದೇ ಮೂಲೆಗೆ ಹೋಗಬೇಕಿದ್ದ ಪಾಸ್ ಅನ್ನು ಅಡ್ಡಗಟ್ಟಿ ಕಸಿದಳು. ನಾನು ಆ ತುಣುಕನ್ನು ನಾಲ್ಕು ಸಲ ಹಿಂದಕ್ಕೆ ಓಡಿಸಿ ನೋಡಿದೆ. ನೀನು ಅವಳಿಗೆ ಏನು ಹೇಳಿದೆ?

ನಿನ್ನ,
ಅಪ್ಪ